ಜೆರ್ಲಾಂಡೊನ ಅಡ್ಡಹೆಸರು

ಸಿಸಿಲಿಯ ಪೆತ್ರಾಮೂತಾದಲ್ಲಿ ಪ್ರತಿ ಮನುಷ್ಯನಿಗೂ ಎರಡು ಹೆಸರು. ಒಂದು ಪಾದ್ರಿ ನೀರು ಚಿಮುಕಿಸಿ ಇಟ್ಟದ್ದು, ಅದು ಯಾರ ಉಪಯೋಗಕ್ಕೂ ಬಾರದು. ಇನ್ನೊಂದು ಊರು ಇಟ್ಟದ್ದು, ಅದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಬೆನ್ನ ಹಿಂದೆ ಆ ಹೆಸರಿನಲ್ಲೇ ಅವನನ್ನು ಬೈದು, ಹೊಗಳಿ, ನಕ್ಕು ಮುಗಿಸುತ್ತಾರೆ. ಎದುರಿಗೆ ಬಂದನೋ, ಎಲ್ಲರ ಬಾಯಿಗೂ ಬೀಗ. ಮುಖದೆದುರು ಅಡ್ಡಹೆಸರು ಹಿಡಿದು ಕರೆಯುವುದೂ ಒಂದೇ, ಅವನ ಅಪ್ಪನ ಗೋರಿಗೆ ಉಗುಳುವುದೂ ಒಂದೇ. ಸತ್ತ ಮೇಲೆ ಮಾತ್ರ ಲೆಕ್ಕ ಬೇರೆ. ಸಾವಿನ ಪೋಸ್ಟರನ್ನು ಗೋಡೆಗೋಡೆಗೆ ಅಂಟಿಸುವಾಗ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅಡ್ಡಹೆಸರು ಹಾಕಲೇಬೇಕು. ಇಲ್ಲದಿದ್ದರೆ ಹೋದವನು ಯಾರೆಂದು ಯಾವ ಪುಣ್ಯಾತ್ಮನಿಗೆ ತಿಳಿಯಬೇಕು? ಮೊಮ್ಮಕ್ಕಳಿಗೆಲ್ಲ ತಾತನ ಹೆಸರನ್ನೇ ಇಡುವ ಊರು ಇದು. ತಾತನಿಗೆ ಐದು ಗಂಡುಮಕ್ಕಳಿದ್ದರೆ ಮುಗಿಯಿತು, ಒಂದೇ ಹೆಸರಿನ ಐದು ಜನ ಚೌಕದಲ್ಲಿ ಓಡಾಡಿಕೊಂಡಿರುತ್ತಾರೆ.

ಹಾಗೆ ಓಡಾಡಿಕೊಂಡಿದ್ದ ಐದು ಜೆರ್ಲಾಂಡೊ ಕುಸುಮಾನೊಗಳಲ್ಲಿ ನಮ್ಮವನು ಮೂರನೆಯವನು. ಊರಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಮನೆಗಳಿಗೆ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಆ ದಿನ ಮಾರುದ್ದದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಅವನು ಬೀದಿಯಲ್ಲಿ ನಡೆದುಬಂದರೆ ಹೆಂಗಸರು ಕಿಟಕಿಯಲ್ಲಿ ಕೈಮುಗಿದು ನಿಲ್ಲುತ್ತಿದ್ದರು. ಆ ಕೈಮುಗಿದದ್ದು ನೀರಿಗೆ ಎಂದು ಅವನಿಗೆ ಯಾರು ಹೇಳಬೇಕು! ತಲೆಗೆ ಕಪ್ಪು ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ನಗುವುದಿಲ್ಲ, ನಕ್ಕರೆ ಗಂಡಸಿನ ತೂಕ ಇಳಿಯುತ್ತದೆ. ಇಲ್ಲ ಅನ್ನಬೇಕಾದರೆ ಗಲ್ಲ ಮೇಲಕ್ಕೆತ್ತಿ "ತ್ಸ್" ಅನ್ನುತ್ತಾನೆ. ಹೌದು ಅನ್ನಬೇಕಾದರೆ ಏನೂ ಅನ್ನುವುದಿಲ್ಲ.

ತನ್ನ ಅಡ್ಡಹೆಸರು 'ಸಿಂಹ' ಎಂದಿರಬೇಕೆಂದು ಅವನಿಗೆ ಒಳಗೊಳಗೇ ಖಾತ್ರಿ. ಕಮ್ಮಿಯೆಂದರೆ 'ಉಕ್ಕು'. ಆದರೂ ಒಂದು ಹುಳ ಕೊರೆಯುತ್ತಿತ್ತು. ಸಾಯುವುದಕ್ಕೆ ಅವನೇನೂ ಹೆದರುತ್ತಿರಲಿಲ್ಲ. ಊರಿಗೆ ಊರೇ ಗೋಡೆಯ ಮುಂದೆ ನಿಂತು ಓದುವುದನ್ನು ತಾನೊಬ್ಬ ಓದದೆ ಹೋಗುತ್ತೇನಲ್ಲ ಎಂಬುದೇ ಸಂಕಟ. ಎಪ್ಪತ್ತು ದಾಟಿದ ಮೇಲಂತೂ ಆ ಸಂಕಟ ಅನ್ನ ನೀರು ಸೇರದಷ್ಟಾಯಿತು.

ಕ್ಷೌರದಂಗಡಿಯ ಸಾರೊನನ್ನು ಕೇಳಿ ನೋಡಿದ.

"ಸಾರೊ, ಈ ಊರಲ್ಲಿ ನನ್ನನ್ನ ಏನಂತಾರೆ?"

"ಯಾವ ಊರಲ್ಲಿ?"

"ಈ ಊರಲ್ಲಿ, ಮಾರಾಯ!"

"ನಂಗೇನು ಗೊತ್ತು ದೋನ್ ಜೆರ್ಲಾಂಡೊ? ನಾನು ಈ ಕಡೆಯವ್ನಲ್ಲ."

ಸಾರೊ ಹುಟ್ಟಿದ್ದು ಅದೇ ಅಂಗಡಿಯ ಅಟ್ಟದ ಮೇಲೆ.

ಉತ್ತರದ ಕಡೆಯ ಪಂಡಿತರು ನಮ್ಮ ಮೌನದ ಮೇಲೆ ದಿಂಬಿನಷ್ಟು ದಪ್ಪ ಪುಸ್ತಕಗಳನ್ನು ಬರೆದಿದ್ದಾರೆ. ಸಿಸಿಲಿಯವನ ಮನಸ್ಸು ಬಾವಿಯಂತೆ, ಅವನ ಬಾಯಿ ಬಾವಿಯ ಮುಚ್ಚಳದಂತೆ ಎಂದೆಲ್ಲ. ಇದನ್ನೆಲ್ಲ ಅವರಿಗೆ ಹೇಳಿಕೊಟ್ಟವನು ಯಾರು? ಇದೇ ಸಾರೊ, ಒಂದು ಮಧ್ಯಾಹ್ನವಿಡೀ ಬಾಯಿ ಮುಚ್ಚದೆ. ಬೇರೆಯವರಿಗೆ ಬೇಕಾದದ್ದನ್ನು ಹೇಳುತ್ತೇವಪ್ಪ. ನಮ್ಮವರಿಗೆ ಬೇಕಾದದ್ದನ್ನು ಹೇಳುವುದಿಲ್ಲ, ಅಷ್ಟೇ.

ಮನೆಯಲ್ಲಿ ಹೆಂಡತಿ ಅಗ್ರಿಪ್ಪೀನಾ ಇದ್ದಳು. ಅಬ್ಬಾ, ಅವಳ ಬಾಯಿ! ಊರಲ್ಲಿ ಎಲ್ಲರೂ ಗಂಟಲಲ್ಲಿ ನುಂಗಿದ್ದನ್ನು ಅವಳು ಬೀದಿಯಲ್ಲಿ ನಿಂತು ಹೇಳುವವಳು. ಹೊಸ ರಸ್ತೆ ಉದ್ಘಾಟನೆಯ ದಿನ ಮೇಯರನಿಗೆ, "ನಿನ್ನ ಮೂಗಿನಷ್ಟೇ ನೆಟ್ಟಗಿದೆ ನಿನ್ನ ರಸ್ತೆ" ಎಂದಿದ್ದಳು. ಮೇಯರನ ಮೂಗು ಎರಡು ಕಡೆ ಮುರಿದದ್ದು. ಹೆರಿಗೆಯಾಗಲಿ, ಜಗಳವಾಗಲಿ, ಮೊದಲು ಓಡುವುದು ಅಗ್ರಿಪ್ಪೀನಾಳ ಬಾಗಿಲಿಗೆ. ಅಂಥವಳೂ ಈ ಒಂದು ವಿಷಯಕ್ಕೆ ಗಲ್ಲ ಎತ್ತಿ "ತ್ಸ್" ಎಂದುಬಿಡುತ್ತಿದ್ದಳು.

"ಅದೊಂದು ಬಿಟ್ಟು ಬೇರೇನಾದ್ರೂ ಕೇಳು. ಊಟ ಮಾಡು, ತಣ್ಣಗಾಗುತ್ತೆ."

ಹೀಗಿರುವಾಗ ಜೆರ್ಲಾಂಡೊನಿಗೆ ದವಡೆ ಹಲ್ಲಿನ ನೋವು ಶುರುವಾಯಿತು. ಕೆನ್ನೆ ಊದಿ ಬನ್ನಾಯಿತು. ಆ ಬನ್ನನ್ನು ಹೊತ್ತು ಚೌಕಕ್ಕೆ ಹೋದರೆ ಮಾನ ಉಳಿಯುತ್ತದೆಯೇ? ಮನೆಯಲ್ಲೇ ಕುಳಿತ. ಎರಡನೆಯ ದಿನ ಅಗ್ರಿಪ್ಪೀನಾ ಹಲ್ಲಿನ ಸಂದಿಗೆ ಲವಂಗ ತುರುಕಿ, ಬಿಳಿ ಕರವಸ್ತ್ರವನ್ನು ಗಲ್ಲದ ಕೆಳಗಿಂದ ಎತ್ತಿ ನೆತ್ತಿಯ ಮೇಲೆ ಗಂಟು ಹಾಕಿ, "ಅಲ್ಲಾಡದೆ ಮಲಗಿರು" ಎಂದು ಅಪ್ಪಣೆ ಮಾಡಿ, ಔಷಧಿ ತರಲು ಪಕ್ಕದ ಊರಿನ ಬಸ್ಸು ಹತ್ತಿದಳು.

ಅದೇ ಬೆಳಿಗ್ಗೆ ಊರಿನ ಗೋಡೆಗಳ ಮೇಲೆ ಪೋಸ್ಟರು ಬಿತ್ತು: ಜೆರ್ಲಾಂಡೊ ಕುಸುಮಾನೊ ದೈವಾಧೀನರಾದರು.

ಹೋದವನು ಐವರಲ್ಲಿ ಹಿರಿಯ, ತೊಂಬತ್ತರ ಹತ್ತಿರದ ಮುದುಕ, ಪಲೆರ್ಮೊದಲ್ಲಿ ಮಗಳ ಮನೆಯಲ್ಲಿ ನಿದ್ದೆಯಲ್ಲೇ ಕಣ್ಣು ಮುಚ್ಚಿದ್ದ. ಅವನ ಹೆಂಡತಿ ಮೆನಿಕಾ ಮನೆ ಅಣಿಮಾಡಲು ಮುಂಚೆಯೇ ಊರಿಗೆ ಬಂದಿದ್ದಳು, ದೇಹ ಮರುದಿನ ಬರುವುದಿತ್ತು. ಪೋಸ್ಟರಿನಲ್ಲಿ ಅಡ್ಡಹೆಸರು ಹಾಕಲು ಅವಳೇ ಬಿಡಲಿಲ್ಲ. "ನನ್ನ ಗಂಡ ಮೊಟ್ಟೆಕಳ್ಳ ಅಂತ ಗೋಡೆ ಮೇಲೆ ಅಚ್ಚು ಹಾಕಿಸ್ತೀಯಾ? ನಿನ್ನನ್ನೇ ಗೋಡೆಗೆ ಅಂಟಿಸಿಬಿಟ್ಟೇನು!" ಎಂದು ಅಚ್ಚಿನವನ ಮೇಲೆ ಎಗರಿದ್ದಳು. ಪಾಪ, ಮುದುಕ ತನ್ನ ಜನ್ಮದಲ್ಲಿ ಕದ್ದದ್ದು ಒಂದೇ ಮೊಟ್ಟೆ. ಅದೂ ಕೊಳೆತದ್ದು.

ಜನ ಪೋಸ್ಟರಿನ ಮುಂದೆ ನಿಂತರು. ಯಾವ ಜೆರ್ಲಾಂಡೊ? ಕೇಳುವ ಹಾಗಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ, ಮತ್ತು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪೆತ್ರಾಮೂತಾದವನು ಇನ್ನೂ ಹುಟ್ಟಿಬಂದಿಲ್ಲ. ಎಲ್ಲರೂ ಗೊತ್ತಿದ್ದವರಂತೆ ತಲೆಯಾಡಿಸಿ ನಿಟ್ಟುಸಿರು ಬಿಟ್ಟರು. ಪಕ್ಕದ ಮನೆಯ ಕ್ರೋಚಿಫಿಸ್ಸಾ ಮಾತ್ರ ಕೂಡಿಸಿ ಕಳೆದು ನೋಡಿದಳು. ಮೂರನೆಯವನು ಎರಡು ದಿನದಿಂದ ಚೌಕದಲ್ಲಿ ಕಂಡಿಲ್ಲ. ಓಡಿಬಂದು ಬಾಗಿಲು ತಳ್ಳಿದಳು. ಒಳಗೆ ಮಂಚದ ಮೇಲೆ ಜೆರ್ಲಾಂಡೊ ನೆಟ್ಟಗೆ ಮಲಗಿದ್ದಾನೆ, ಕೈಗಳು ಎದೆಯ ಮೇಲೆ, ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆ. ಇನ್ನೇನು ಬೇಕು?

"ಅಯ್ಯೋ, ಹೋಗ್ಬಿಟ್ರಾ ದೋನ್ ಜೆರ್ಲಾಂಡೊ!"

ಬೆಚ್ಚಿ ಎಚ್ಚರಾದ ಜೆರ್ಲಾಂಡೊ, "ಹುಚ್ಚಿ, ಹಲ್ಲುನೋವು ಕಣೇ" ಎನ್ನಬೇಕೆಂದಿದ್ದ. ಬಾಯಿ ಕಟ್ಟಿತ್ತು. ಗಂಟು ಬಿಚ್ಚಲು ಕೈ ಎತ್ತಬೇಕು, ಅಷ್ಟರಲ್ಲಿ ತಲೆಯಲ್ಲಿ ದೀಪ ಹತ್ತಿತು. ಸತ್ತ ಮೇಲೆ ತಾನೇ ಹೆಸರು ಹೊರಗೆ ಬರುವುದು! ಇನ್ನರ್ಧ ಗಂಟೆ ಸತ್ತಿದ್ದರೆ ಯಾರಾದರೂ ಅಂದೇ ಅನ್ನುತ್ತಾರೆ. ಕಣ್ಣು ಮುಚ್ಚಿದ, ಕೈ ಇದ್ದಲ್ಲೇ ಬಿಟ್ಟ.

ಮನೆ ತುಂಬಿತು. ಕನ್ನಡಿಗೆ ಹೊದಿಕೆ ಬಿತ್ತು, ಗೋಡೆಯುದ್ದಕ್ಕೂ ಕುರ್ಚಿ ಬಿದ್ದವು, ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ನೆರೆಹೊರೆಯವರು ಬಿಸಿಬಿಸಿ ಅಡುಗೆ ಹೊತ್ತು ತಂದರು: ಪರಾತದ ತುಂಬ ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ, ಹುಳಿಸಿಹಿ ಬದನೆಕಾಯಿ, ರೊಟ್ಟಿಪುಡಿ ತುಂಬಿ ಹುರಿದ ಬೂತಾಯಿ ಮೀನು. ಎರಡು ದಿನದಿಂದ ಗಂಜಿಯಲ್ಲಿದ್ದ ಹೆಣದ ಹೊಟ್ಟೆ ಗುಡುಗಿತು. ಯಾರೋ "ಇವತ್ತು ಮಳೆ ಬರೋ ಹಾಗಿದೆ" ಎಂದರು.

ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪೋಸ್ಟರಿನಲ್ಲಿ ಅಚ್ಚಾದೀತು, ಸತ್ತವನ ಮನೆಯೊಳಗೆ ಕೂತು ಅನ್ನುವುದುಂಟೇ? ಎಲ್ಲರೂ "ಆ ಪುಣ್ಯಾತ್ಮ, ಆ ಪುಣ್ಯಾತ್ಮ" ಎನ್ನುವವರೇ.

"ಎಂಥ ಗಂಡಸು! ಮಾತು ಕಮ್ಮಿ."

"ನೀರೂ ಕಮ್ಮಿ," ಎಂದಿತು ಮೂಲೆಯಿಂದ ಒಂದು ದನಿ.

ಸತ್ತವರಿಗೆ ಕೊನೆಯ ಕ್ಷೌರ ಮಾಡಲು ಸಾರೊ ಬಂದ. ಕೆನ್ನೆಗೆ ನೊರೆ ಹಚ್ಚುವಾಗಲೇ ಬಿಸಿ ತಾಗಿತು. ಕತ್ತಿ ಮೂಗಿನ ಕೆಳಗೆ ಹೋದಾಗ ಹೆಣ ಮೂಗು ಮುದುಡಿತು. ಸಾರೊ ಆಚೆ ನೋಡಿದ, ಈಚೆ ನೋಡಿದ, ಗಲ್ಲದ ಬಟ್ಟೆ ಮುಟ್ಟದೆ ಕಂಡಷ್ಟು ಮುಖದ ಕ್ಷೌರ ಮುಂದುವರಿಸಿದ. ಬದುಕಿದ್ದಾನೆ, ಇರಲಿ ಬಿಡು. ಅವನು ಬಂದದ್ದು ಕ್ಷೌರಕ್ಕೆ. ಯಾರು ಸತ್ತರು ಯಾರು ಉಳಿದರು ಎಂಬ ತನಿಖೆಗಲ್ಲ. ಆಮೇಲೆ ಊರಿನ ಡಾಕ್ಟರು ಹಣೆಗೆ ಮುತ್ತಿಡಲು ಬಗ್ಗಿ, ಲವಂಗದ ವಾಸನೆಯ ಉಸಿರು ಮುಖಕ್ಕೆ ಹೊಡೆದದ್ದೇ, ಸುಮ್ಮನೆ ಹಿಂದೆ ಸರಿದು ಕುರ್ಚಿ ಹಿಡಿದರು. ಅವರನ್ನು ಯಾರಾದರೂ ಡಾಕ್ಟರೆಂದು ಕರೆದಿದ್ದರೇ? ಸಂತಾಪಕ್ಕೆ ಬಂದವರು. ಹೀಗೆ ಒಬ್ಬೊಬ್ಬರೇ ಬಗ್ಗಿ ಮುತ್ತಿಟ್ಟರು, ಒಬ್ಬೊಬ್ಬರಿಗೇ ಗೊತ್ತಾಯಿತು, ಒಬ್ಬೊಬ್ಬರೇ ಹೋಗಿ ಗಂಭೀರವಾಗಿ ಕುಳಿತರು. ನಮಗ್ಯಾಕೆ ಊರ ಉಸಾಬರಿ!

ಅಷ್ಟರಲ್ಲಿ ಬಸ್ಸು ಬಂತು. ಅಗ್ರಿಪ್ಪೀನಾ ಇಳಿದಾಗ ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು. ಯಾರೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮನೆ ಬಾಗಿಲಿನ ಗುಂಪು ಸರಿದು ಹಾದಿ ಮಾಡಿತು.

ಮಂಚದ ಮೇಲೆ ಜೆರ್ಲಾಂಡೊ ಅವಳ ಗುಡುಗಿಗೆ ಕಾದ. ಗುಡುಗಲಿಲ್ಲ. ಔಷಧಿ ಬಾಟಲಿ ನೆಲಕ್ಕೆ ಬಿದ್ದು ಉರುಳಿದ ಸದ್ದು, ಎಳೆದಿಟ್ಟ ಹೆಜ್ಜೆಗಳ ಸದ್ದು, ಅಷ್ಟೇ. ಆಮೇಲೆ ಎದೆಯ ಮೇಲೆ ಅವಳ ತಲೆ ಬಿತ್ತು. ಅಳಲಿಲ್ಲ, ಕೂಗಲಿಲ್ಲ, ಉಸಿರೂ ಎಳೆದಂತಿರಲಿಲ್ಲ. ನಲವತ್ತು ವರ್ಷದಲ್ಲಿ ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದು ಅವನಿಗೆ ನೆನಪಿಲ್ಲ. ಥೂ ನನ್ನ ಬುದ್ಧಿಗಿಷ್ಟು, ಎದ್ದುಬಿಡೋಣ ಎಂದುಕೊಂಡ. ಹೆದರಿಕೆಗೆ ಎದೆ ಡವಡವ ಹೊಡೆಯತೊಡಗಿತು, ನೇರ ಅವಳ ಕಿವಿಯ ಕೆಳಗೆ.

ಅಗ್ರಿಪ್ಪೀನಾ ಕೇಳಿದಳು. ಮತ್ತೊಮ್ಮೆ ಕೇಳಿದಳು. ತಲೆ ಎತ್ತಿ, ಯಾರಿಗೂ ಕಾಣದ ಹಾಗೆ ಅವನ ಕಂಕುಳ ಕೆಳಗೆ ಕೈಹಾಕಿ, ಚರ್ಮ ಕಿತ್ತು ಬರುವಂತೆ ಚಿವುಟಿದಳು. ಹೆಣ ಸಹಿಸಿಕೊಂಡಿತು.

ಓಹೋ, ಹೀಗಾ! ಅವಳಿಗೆ ಜಗಳ ತೆಗೆಯಬೇಕೆನಿಸಿತು. ಆದರೆ ಇಷ್ಟು ಜನ ಕರಿಬಟ್ಟೆ ತೊಟ್ಟು ಬಂದಿದ್ದಾರೆ, ಪರಾತ ಹೊತ್ತು ತಂದಿದ್ದಾರೆ, "ನಿಮ್ಮ ಅಳು ದಂಡ, ಎದ್ದು ಹೋಗಿ" ಎಂದರೆ ಅವರ ಮುಖಕ್ಕೆ ಮಸಿ ಬಳಿದಂತೆ. ವಿಧವೆ ಹಾಡಿ ಅಳುವುದು ಪದ್ಧತಿ. ಅಗ್ರಿಪ್ಪೀನಾ ಸೆರಗು ಕೊಡವಿದಂತೆ ಕರಿ ಶಾಲು ಕೊಡವಿ, ಎದೆ ಬಡಿದುಕೊಂಡು ಶುರುಮಾಡಿದಳು.

"ಅಯ್ಯೋ ನನ್ನ ಜೆರ್ಲಾಂಡೊ! ಊರಿಗೆಲ್ಲ ನೀರು ಬಿಟ್ಟೆ, ಮನೆ ನಲ್ಲಿ ರಿಪೇರಿ ಮಾಡ್ದೆ ಹೋದ್ಯಲ್ಲೋ!"

"ಹೌದು ತಾಯಿ, ಹೌದು," ಎಂದರು ಎಡಗಡೆಯ ಹೆಂಗಸರು.

"ನಲವತ್ತು ವರ್ಷ ಸಿಡುಕು ಮೋರೆ ಹೊತ್ಕೊಂಡು ತಿರುಗ್ದ್ಯಲ್ಲೋ, ಆ ಮೋರೆ ಯಾರಿಗೆ ಬಿಟ್ಟು ಹೋದ್ಯೋ!"

"ಹೌದು ತಾಯಿ, ಹೌದು."

"ನಮ್ಮಮ್ಮನ ಅಡುಗೇಲಿ ಉಪ್ಪು ಜಾಸ್ತಿ ಅಂದ್ಯಲ್ಲೋ! ಹೋಗೋ, ಈಗ ಅವಳ ಕೈಯಲ್ಲೇ ಉಣ್ಣೋ! ಸೌಟು ಹಿಡ್ಕೊಂಡು ಕಾಯ್ತಿದ್ದಾಳೆ ಮೇಲೆ!"

ಬಲಗಡೆಯ ಗಂಡಸರು ತಮ್ಮ ತಮ್ಮ ಶೂಗಳನ್ನು ನೋಡಿಕೊಂಡರು. ಹೆಣದ ಕಿವಿ ಕೆಂಪಾಯಿತು.

ಆಗ ಬಂದ ಲಿಬೋರಿಯಜ್ಜ. ಊರಿಗೇ ಹಿರಿಯ, ಕಲ್ಲಿಗಿಂತ ಕಿವುಡ. ಹೊಸ್ತಿಲಲ್ಲಿ ಕೋಲೂರಿ ನಿಂತು, ಕಿವುಡರು ಮಾತಾಡುವಂತೆ ಗುಡ್ಡದಾಚೆಗೆ ಕೇಳುವ ಹಾಗೆ ಕೂಗಿದ.

"ಯಾವ ಜೆರ್ಲಾಂಡೊ ಹೋಗಿದ್ದು? ಮೊಟ್ಟೆಕಳ್ಳನಾ?"

ಕೋಣೆಗೆ ಸಿಡಿಲು ಬಡಿಯಿತು. ಎಲ್ಲರೂ ಒಟ್ಟಿಗೆ ಗಲ್ಲ ಎತ್ತಿ "ತ್ಸ್" ಎಂದರು.

"ಮತ್ತೆ? ಕುಂಟ ಬಿಷಪ್ಪಾ?"

"ತ್ಸ್!"

"ಹಸಿ ಬದನೆಕಾಯಾ?"

"ತ್ಸ್!" ಕಿಟಕಿಯ ಪಕ್ಕ ಕುಳಿತಿದ್ದ ನಾಲ್ಕನೆಯ ಜೆರ್ಲಾಂಡೊ, ತಾನು ಹಸಿ ಬದನೆಕಾಯಿ ಎಂಬುದನ್ನು ಈ ಜನ್ಮದಲ್ಲಿ ಮೊದಲ ಸಲ ಕೇಳಿ, ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡ.

"ಅರೇ, ಹಾಗಾದ್ರೆ ಯಾವನಯ್ಯಾ?"

ಬಾಯಿ ಬಿಡುವ ಹಾಗಿಲ್ಲ. ಕೈಗಳಿಗೆ ಮಾತ್ರ ನಮ್ಮಲ್ಲಿ ಯಾವ ಕಟ್ಟುಪಾಡೂ ಇಲ್ಲ. ಜೆರ್ಲಾಂಡೊನ ಮುಚ್ಚಿದ ಕಣ್ಣಿನಾಚೆ ತೋಳುಗಳು ಸರಬರ ಎದ್ದ ಸದ್ದಾಯಿತು. ಅಯ್ಯಯ್ಯೋ! ಇಷ್ಟು ವರ್ಷ ಕಾದದ್ದು ಇದಕ್ಕೇ, ಅದೀಗ ಈ ಕೋಣೆಯಲ್ಲಿ ಗಾಳಿಯಲ್ಲಿ ನಿಂತಿದೆ, ತಾನು ಕಣ್ಣು ಮುಚ್ಚಿಕೊಂಡು ಬಿದ್ದಿದ್ದೇನೆ! ಎಡಗಣ್ಣನ್ನು ಎಳ್ಳಷ್ಟು ತೆರೆದ.

ಕೋಣೆಯಲ್ಲಿದ್ದ ಪ್ರತಿಯೊಂದು ಕೈಯೂ, ಡಾಕ್ಟರದು, ಕ್ರೋಚಿಫಿಸ್ಸಾಳದು, ನೊರೆ ಒಣಗಿದ ಸಾರೊನದು, ಅಗ್ರಿಪ್ಪೀನಾಳನ್ನು ತೋರಿಸುತ್ತಿತ್ತು.

"ಓ! ಅಗ್ರಿಪ್ಪೀನಾಳವ್ನು!" ಎಂದು ಲಿಬೋರಿಯಜ್ಜ ಕೋಲು ಕುಟ್ಟಿದ. "ಛೆ ಛೆ ಛೆ. ಪಾಪ ಅಗ್ರಿಪ್ಪೀನಾ."

ಹೆಣ ಎದ್ದು ಕುಳಿತಿತು. ಕರವಸ್ತ್ರ ಕಿತ್ತು, ಲವಂಗ ಉಗುಳಿ, "ಯಾರವ್ನು?" ಎಂದು ಅರಚಿತು. "ನಾನಾ? ಅಗ್ರಿಪ್ಪೀನಾಳವ್ನಾ? ಊರಿಗೆ ನೀರು ಕುಡ್ಸಿದ ಗಂಡಸು ನಾನು!"

ನಿಜವಾಗಿ ಕಿರುಚಿ ಬಿದ್ದವಳು ಕ್ರೋಚಿಫಿಸ್ಸಾ ಒಬ್ಬಳೇ. ಉಳಿದವರು ಕೈ ಇಳಿಸಿಕೊಂಡು ಸೂರು ನೋಡಿದರು. ಸಾರೊ ಟವೆಲು ಮಡಚುತ್ತಿದ್ದ.

"ಸಾರೊ, ನಿಂಗೆ ಗೊತ್ತಿತ್ತು ನಾನು ಬದುಕಿದ್ದೀನಿ ಅಂತ!"

"ಗೊತ್ತಿತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ, ದೋನ್ ಜೆರ್ಲಾಂಡೊ."

ಒಬ್ಬೊಬ್ಬರೇ ಎದ್ದರು, ಕೈ ಕುಲುಕಿದರು, ಹೊರಟರು. ಯಾರೂ ಏನನ್ನೂ ನೋಡಿರಲಿಲ್ಲ. ಡಾಕ್ಟರು ಅಭ್ಯಾಸಬಲದಿಂದ, "ದೇವರು ನಿಮ್ಮ ಆತ್ಮಕ್ಕೆ..." ಎಂದು ಶುರುಮಾಡಿ, ತಡವರಿಸಿ, "ಆರೋಗ್ಯ ಕೊಡ್ಲಿ" ಎಂದು ಮುಗಿಸಿದರು. ಹಸಿ ಬದನೆಕಾಯಿ ಯಾರ ಮುಖವನ್ನೂ ನೋಡದೆ ಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಜೆರ್ಲಾಂಡೊ ಅರ್ಧ ಕ್ಷೌರದ ಮುಖ ಹೊತ್ತು ಮಂಚದ ಅಂಚಿನಲ್ಲಿ ಕುಳಿತಿದ್ದ. ಅವಮಾನಕ್ಕೆ ಹಲ್ಲುನೋವೂ ಮರೆತುಹೋಗಿತ್ತು. ಬೇರೆ ಊರಲ್ಲಿ ಇದು ಒಂದು ಹೆಸರೇ ಅಲ್ಲದಿರಬಹುದು. ಇಲ್ಲಿ ಗಂಡಸನ್ನು ಹೆಂಡತಿಯ ಹೆಸರಿನಿಂದ ಗುರುತಿಸುವುದೆಂದರೆ ಮೀಸೆಯನ್ನು ಕತ್ತೆಗೆ ಮೇಯಿಸಿದ ಹಾಗೆ.

"ಸಿಂಹ ಅಂದ್ಕೊಂಡಿದ್ದೆ ಕಣೇ," ಎಂದ.

ಅಗ್ರಿಪ್ಪೀನಾ ಮುಖ ತಿರುಗಿಸಿ ಶಾಲು ಮಡಚತೊಡಗಿದಳು. ನಗು ತಡೆದದ್ದೋ ಅಳು ತಡೆದದ್ದೋ, ಅವಳಿಗೇ ಗೊತ್ತು.

"ಯಾವಾಗಿಂದ ಈ ಹೆಸರು?"

"ಮದುವೆಯಾದ ವಾರದಿಂದ."

"ನಿಂಗೆ ಗೊತ್ತಿದ್ದೂ ಒಂದು ದಿನ..."

"ಹೇಳಿ ನಿನ್ನ ತಲೆ ತಗ್ಗಿಸ್ಬೇಕಿತ್ತಾ? ಆ ಟೋಪಿ, ಆ ಕನ್ನಡಕ, ಆ ನಡಿಗೆ. ದಿನಾ ಬೆಳಿಗ್ಗೆ ಎಷ್ಟು ಖುಷೀಲಿ ಹೊರಡ್ತಿದ್ದೆ." ಬಗ್ಗಿ ಔಷಧಿ ಬಾಟಲಿ ಎತ್ತಿಕೊಂಡಳು, ಒಡೆದಿರಲಿಲ್ಲ. "ಆ ಬಾಗಿಲಿಂದ ಈ ಮಂಚದ ತನಕ ಬಂದೆನಲ್ಲ, ಜೆರ್ಲಾಂಡೊ, ಅಷ್ಟು ದೂರ ನಾನು ಯಾರವಳೂ ಆಗಿರ್ಲಿಲ್ಲ. ನಿಂಗೆ ಆ ಹೆಸರು ಬೇಡ್ವಾ, ಬಿಸಾಕು. ಸಿಂಹ ಅಂತ ಇಟ್ಕೋ, ಆನೆ ಅಂತ ಇಟ್ಕೋ. ಇನ್ನೊಂದ್ಸಲ ಹೀಗೆ ಸತ್ರೆ, ನಾನೇ ನಿನ್ನ ಸಾಯಿಸ್ತೀನಿ."

ಅವನು ಬಾಯಿ ತೆರೆದು ಔಷಧಿ ಕುಡಿದ.

ಸಾವಿಗೆಂದು ಬೇಯಿಸಿದ ಅಡುಗೆಯನ್ನು ಬದುಕಿದವರ ಮನೆಯಲ್ಲಿ ಇಟ್ಟುಕೊಳ್ಳಬಾರದು, ಅದು ನಿಜವಾದ ಸಾವನ್ನು ಕರೆಯುತ್ತದೆ. ಉಳಿದ ಮೂವರು ಜೆರ್ಲಾಂಡೊಗಳೂ ಊರಲ್ಲೇ ಓಡಾಡಿಕೊಂಡಿದ್ದರಿಂದ, ಹೋದದ್ದು ಪಲೆರ್ಮೊದಲ್ಲಿದ್ದ ಮೊಟ್ಟೆಕಳ್ಳನೇ ಎಂದು ಈಗ ಸ್ಪಷ್ಟವಾಗಿತ್ತು. ಮುಸ್ಸಂಜೆಗೆ ಜೆರ್ಲಾಂಡೊ ಮ್ಯಾಕರೋನಿ ಪರಾತ ಹೊತ್ತ, ಅಗ್ರಿಪ್ಪೀನಾ ಮೀನಿನ ತಟ್ಟೆ ಹಿಡಿದಳು. ಮೇಲಿನ ಬೀದಿಗೆ ಹತ್ತಿದರು. ಮೆನಿಕಾ ಬೆಳಿಗ್ಗೆಯಿಂದ ಒಂದು ಕುನ್ನಿಯೂ ಬಾರದ ಮನೆಯಲ್ಲಿ ಒಬ್ಬಳೇ ಕುಳಿತು, ಊರಿಗೆಲ್ಲ ಶಾಪ ಹಾಕಿ, ಬಾಗಿಲಿಗೆ ಅಗಳಿ ಜಡಿದಿದ್ದಳು.

ಜೆರ್ಲಾಂಡೊ ಮೊಣಕೈಯಿಂದ ಕದ ತಟ್ಟಿದ.

"ಯಾರದು?"

"ನಾನು. ಜೆರ್ಲಾಂಡೊ ಕುಸುಮಾನೊ."

ಒಳಗೆ ಏನೋ ದೊಪ್ಪನೆ ಬಿತ್ತು. "ಯೇಸು ಮರಿಯಾ! ನಾಳೆ ಬರ್ಬೇಕಿತ್ತಲ್ಲ ನೀನು!"

"ಅಲ್ಲ, ಅಲ್ಲ! ನಾನು ಆ ಜೆರ್ಲಾಂಡೊ ಅಲ್ಲ!"

"ಮತ್ತೆ ಯಾವ ಜೆರ್ಲಾಂಡೊ?" ಮೆನಿಕಾಳ ದನಿ ಗಡಗಡ ನಡುಗುತ್ತಿತ್ತು. "ದೇವರಾಣೆ, ಹೇಳು!"

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಬೆಳಿಗ್ಗೆ ಮಂಚದ ಸುತ್ತ ಕುಳಿತಿದ್ದ ಮುಖಗಳೇ. ನೀರು ಬಿಡುತ್ತಿದ್ದವನು ಎನ್ನಬಹುದಿತ್ತು. ಅಪ್ಪನ ಹೆಸರು ಹೇಳಬಹುದಿತ್ತು. ಸುಮ್ಮನೆ ಪರಾತವನ್ನು ಹೊಸ್ತಿಲಲ್ಲಿಟ್ಟು ಹೊರಟುಹೋಗಬಹುದಿತ್ತು. ಪಕ್ಕದಲ್ಲಿ ಅಗ್ರಿಪ್ಪೀನಾ ಉತ್ತರ ಕೊಡಲು ಬಾಯಿ ತೆರೆದಳು. ಜೆರ್ಲಾಂಡೊ ಗಲ್ಲ ಎತ್ತಿ ಅವಳನ್ನು ತಡೆದ.

"ಅಗ್ರಿಪ್ಪೀನಾಳವ್ನು!" ಎಂದು ಕೂಗಿದ. ಮೆನಿಕಾಳಿಗೆ ಅಷ್ಟು ಜೋರು ಬೇಕಿರಲಿಲ್ಲ. ಬೀದಿಯ ಕೊನೆಯ ಕಿಟಕಿಗೂ ಕೇಳಿಸುವಂತೆ ಇನ್ನೊಮ್ಮೆ ಕೂಗಿದ. "ನಾನು, ಅಗ್ರಿಪ್ಪೀನಾಳವ್ನು!"

ಅಗಳಿ ಸರಿಯಿತು. ಮೆನಿಕಾ ಒದ್ದೆ ಮುಖ ಹೊರಗೆ ಹಾಕಿ ಇಬ್ಬರನ್ನೂ ನೋಡಿದಳು. ಅಗ್ರಿಪ್ಪೀನಾಳ ಬಾಯಿ ಇನ್ನೂ ತೆರೆದೇ ಇತ್ತು. ಮೆನಿಕಾಳೇ ಅವಳ ಕೈಯಿಂದ ಮೀನಿನ ತಟ್ಟೆ ತೆಗೆದುಕೊಂಡು, ಇಬ್ಬರನ್ನೂ ಒಳಗೆ ಕರೆದಳು.